ಎಂಟೂವರೆಗೆ ಮಳೆ ಅಳೆಯುವ ಕೆಲಸ

ನನ್ನ ಕೆಲಸ ಹೋಗಿದ್ದು 2024ರ ಜೂನ್ ಕೊನೆಯಲ್ಲಿ. ಬೆಂಗಳೂರಿನ ಒಂದು ಕಂಪನಿ, ಹೆಸರು ಬೇಡ ಬಿಡಿ. ಹದಿನೈದು ನಿಮಿಷದ ವಿಡಿಯೋ ಕಾಲ್. ಅದರಲ್ಲಿ ಮೊದಲ ಐದು ನಿಮಿಷ ಆ ಕಡೆಯವರ ಮೈಕ್ ಮ್ಯೂಟ್ ಆಗಿತ್ತು, "ಕೇಳಿಸ್ತಿಲ್ಲ" ಅಂತ ನಾನೇ ಹೇಳಿ ಸರಿ ಮಾಡಿಸಿ ಆಮೇಲೆ ಆ ಸುದ್ದಿ ಕೇಳಿಸಿಕೊಂಡೆ. ಮೂರು ದಿನ ರೂಮಿನಲ್ಲಿ ಸುಮ್ನೆ ಮಲಗಿದ್ದೆ. ನಾಲ್ಕನೇ ದಿನ ರಾತ್ರಿ ಬಸ್ಸು ಹತ್ತಿದೆ. ತೀರ್ಥಹಳ್ಳಿಯಲ್ಲಿ ಇಳಿದಾಗ ಬೆಳಗಿನ ಜಾವ ಐದೂವರೆ, ಮಳೆ ಎಷ್ಟಿತ್ತು ಅಂದರೆ ನನ್ನನ್ನು ಕರೆದುಕೊಂಡು ಹೋಗಲು ಬಂದ ಅಪ್ಪ ಹತ್ತು ಮಾರು ದೂರದಲ್ಲಿ ನಿಂತಿದ್ದರೂ ಕಾಣಲಿಲ್ಲ.

ಊರಿಗೆ ಹೋಗು, ಮನಸ್ಸು ಹಗುರಾಗುತ್ತೆ ಅಂತ ಎಲ್ಲರೂ ಹೇಳಿದ್ದರು. ಹೇಳಿದವರಲ್ಲಿ ಒಬ್ಬರೂ ಜುಲೈ ತಿಂಗಳು ಪೂರ್ತಿ ಮಲೆನಾಡಿನಲ್ಲಿ ಕಳೆದವರಲ್ಲ. ಶನಿವಾರ ಬಂದು ಆಗುಂಬೆಯಲ್ಲಿ ಒಂದು ಫೋಟೋ, ಬಿಸಿ ಬಿಸಿ ಟೀ ಕುಡಿದು ಭಾನುವಾರ ಹೊರಡುವವರ ಮಳೆಗಾಲ ಬೇರೆ, ಮನೆಯೊಳಗೆ ಕೂತವರ ಮಳೆಗಾಲ ಬೇರೆ. ನಮ್ಮದು ಹಳೆಯ ಹೆಂಚಿನ ಮನೆ. ಮಧ್ಯಾಹ್ನ ಎರಡಕ್ಕೇ ಲೈಟ್ ಹಾಕಬೇಕು, ಆದರೆ ಕರೆಂಟ್ ಇರುವುದಿಲ್ಲ. ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ನನ್ನ ಆಫೀಸ್ ಬ್ಯಾಗಿಗೂ ಒಂದೇ ವಾರದಲ್ಲಿ ಬೂಷ್ಟು ಬಂತು. ಬಟ್ಟೆ ಒಣಗುವುದು ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲಿ, ಹಾಗಾಗಿ ಮೈಯೆಲ್ಲ ಸದಾ ಹೊಗೆ ವಾಸನೆ. ಇದರ ನಡುವೆ ಕಾಲೇಜಿನ ಗೆಳತಿಯರ ಗ್ರೂಪಿನಲ್ಲಿ ದಿನಾ ಬೆಳಿಗ್ಗೆ ಒಂದೊಂದು ನುಡಿಮುತ್ತು. ಪ್ರತಿ ಕಾರ್ಮೋಡಕ್ಕೂ ಬೆಳ್ಳಿಯ ಅಂಚು ಇರುತ್ತದೆ ಅಂತ ಒಂದು ದಿನ ಯಾರೋ ಕಳಿಸಿದರು. ನಾನು ನಿಜವಾಗಿಯೂ ಎದ್ದು ಹೋಗಿ ಕಿಟಕಿಯಿಂದ ನೋಡಿದೆ. ಬೆಳ್ಳಿ ಹಾಗಿರಲಿ, ಅಂಚೇ ಇರಲಿಲ್ಲ. ನಮ್ಮಲ್ಲಿ ಆ ತಿಂಗಳು ಮೋಡಕ್ಕೆ ಅಂಚು ಇರುವುದಿಲ್ಲ, ಆಗುಂಬೆಯಿಂದ ಹೊಸನಗರದ ತನಕ ಒಂದೇ ಕಂಬಳಿ.

ಗ್ರೂಪ್ ಮ್ಯೂಟ್ ಮಾಡಿದೆ.

ಆಮೇಲೆ ಎಲ್ಲೋ ಓದಿದ ಪ್ರಕಾರ ಒಂದು ನೋಟ್‌ಬುಕ್ ತೆಗೆದುಕೊಂಡು ದಿನಾ ರಾತ್ರಿ ನನ್ನ ಮನಸ್ಸು ಹೇಗಿದೆ ಅಂತ ಹತ್ತಕ್ಕೆ ಅಂಕ ಹಾಕಲು ಶುರು ಮಾಡಿದೆ. ಮೊದಲ ದಿನ 4. ಎರಡನೇ ದಿನ 3. ಮೂರನೇ ದಿನ 3 ಹಾಕಬೇಕೋ 2 ಹಾಕಬೇಕೋ ಅಂತ ಅರ್ಧ ಗಂಟೆ ಯೋಚನೆ ಮಾಡಿ, ಅಷ್ಟು ಹೊತ್ತು ಯೋಚಿಸಿದ್ದಕ್ಕೇ ಅದು 2 ಆಯಿತು. ಕೆಲವರಿಗೆ ಇದು ಚೆನ್ನಾಗಿ ಆಗಿಬರುತ್ತದಂತೆ. ನನಗೆ ಹುಣ್ಣನ್ನು ಪದೇ ಪದೇ ಮುಟ್ಟಿ ನೋಡಿಕೊಂಡ ಹಾಗಾಯಿತು. ಬಿಟ್ಟೆ.

ಹೀಗಿರುವಾಗ ಅಪ್ಪ ಅಂಗಳದ ಪಾಚಿಯ ಮೇಲೆ ಜಾರಿ ಕಾಲು ಉಳುಕಿಸಿಕೊಂಡರು.

ಅಪ್ಪನಿಗೆ ಒಂದು ಹುಚ್ಚಿದೆ. ಹುಚ್ಚು ಅಂತ ಅಮ್ಮ ಹೇಳುವುದು, ಮಲೆನಾಡಿನ ಎಷ್ಟೋ ಅಡಿಕೆ ಬೆಳೆಗಾರರಿಗೆ ಇರುವ ಅಭ್ಯಾಸವೇ ಅದು. ಅಂಗಳದ ಆಚೆ ಮರದ ನೆರಳಿಲ್ಲದ ಕಡೆ ಮಳೆ ಅಳೆಯುವ ಮಾಪಕ ಇಟ್ಟಿದ್ದಾರೆ. ದಿನಾ ಬೆಳಿಗ್ಗೆ ಸರಿಯಾಗಿ ಎಂಟೂವರೆಗೆ ಹೋಗಿ ಹಿಂದಿನ 24 ಗಂಟೆಯ ಮಳೆ ಎಷ್ಟು ಅಂತ ನೋಡಿ ಬರೆದಿಡುತ್ತಾರೆ. ಎಂಟೂವರೆಯೇ ಯಾಕೆ ಅಂದರೆ ಹವಾಮಾನ ಇಲಾಖೆಯವರು ದೇಶದಲ್ಲೆಲ್ಲ ದಿನದ ಮಳೆ ಲೆಕ್ಕ ಹಾಕುವುದು ಆ ಹೊತ್ತಿಗೆ. ಎಂಟು ನಲವತ್ತಕ್ಕೆ ನೋಡಿದರೆ ಅಪ್ಪನಿಗೆ ಅದು ಲೆಕ್ಕವೇ ಅಲ್ಲ. 1994ರಿಂದ ಬರೆದ ಪುಸ್ತಕಗಳಿವೆ. ಕಾಲಿಗೆ ಬಟ್ಟೆ ಸುತ್ತಿಕೊಂಡು ಜಗಲಿಯಲ್ಲಿ ಕೂತ ಅಪ್ಪ, "ನಾಳೆಯಿಂದ ನೀನೇ ನೋಡಬೇಕು ಮಾರಾಯ್ತಿ, ಬೇರೆ ಯಾರಿದ್ದಾರೆ" ಅಂದರು. ಎಂಟೂವರೆಗೆ ಏಳುವುದೇ ದೊಡ್ಡ ವಿಷಯ ಅನ್ನುವ ಸ್ಥಿತಿಯಲ್ಲಿದ್ದೆ ನಾನು. ಆಗಲ್ಲ ಅನ್ನಲು ಬಾಯಿ ಬರಲಿಲ್ಲ.

ಮೊದಲ ದಿನ ತಪ್ಪು ಮಾಡಿದೆ. ನಮ್ಮ ಅಳತೆ ಗ್ಲಾಸಿಗೆ ಒಂದು ಸಲಕ್ಕೆ 20 ಮಿಲಿಮೀಟರ್ ಹಿಡಿಯುತ್ತದೆ. ಡಬ್ಬದ ನೀರನ್ನು ಅದಕ್ಕೆ ಸುರಿದು, ತುಂಬಿದ ಹಾಗೆಲ್ಲ ಚೆಲ್ಲಿ, ಎಷ್ಟು ಗ್ಲಾಸ್ ಆಯಿತು ಅಂತ ಎಣಿಸಬೇಕು. ಛತ್ರಿ ಕುತ್ತಿಗೆಗೆ ಸಿಕ್ಕಿಸಿಕೊಂಡು, ಕಾಲಿಗೆ ಹತ್ತುತ್ತಿದ್ದ ಉಂಬಳ ಕಿತ್ತು ಹಾಕುತ್ತಾ, ನಾಲ್ಕೋ ಐದೋ ಮರೆತುಹೋಯಿತು. ಒಳಗೆ ಬಂದು "ನೂರರ ಹತ್ತಿರ ಇರಬಹುದು" ಅಂದೆ. ಅಪ್ಪ ಆ ದಿನದ ಜಾಗ ಖಾಲಿ ಬಿಟ್ಟರು. ಬೈಯಲಿಲ್ಲ. ಮೂವತ್ತು ವರ್ಷದ ಪುಸ್ತಕದಲ್ಲಿ ನನ್ನಿಂದಾಗಿ ಒಂದು ಖಾಲಿ ಮನೆ! ಕಂಪನಿಯವರು ಹೇಳಿದ್ದಕ್ಕಿಂತ ಜಾಸ್ತಿ ಅದು ಚುಚ್ಚಿತು.

ಮಾರನೇ ದಿನ ಎಂಟೂಕಾಲಿಗೇ ಹೋಗಿ ನಿಂತಿದ್ದೆ.

ಜುಲೈ ನಡುವಿನ ಒಂದು ಬೆಳಿಗ್ಗೆ ಏಳು ಗ್ಲಾಸ್ ತುಂಬಿ ಮೇಲೆ ಎರಡು ಗೀಟು ಬಂತು, 142. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. ಆ ಲೆಕ್ಕದಲ್ಲಿ ಒಂದು ಎಕರೆ ತೋಟಕ್ಕೆ ಒಂದೇ ದಿನ ಐದು ಮುಕ್ಕಾಲು ಲಕ್ಷ ಲೀಟರಿನಷ್ಟು ಬಿದ್ದಿದೆ. ಅದೇ ವರ್ಷ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಬೋರ್‌ವೆಲ್‌ಗಳು ಬತ್ತಿ, ನಮ್ಮ ಬಿಲ್ಡಿಂಗಿನವರೆಲ್ಲ 6,000 ಲೀಟರಿನ ಒಂದು ಟ್ಯಾಂಕರಿಗಾಗಿ ಗೋಗರೆದಿದ್ದೆವು, ನೆಲ ಒರೆಸುವ ನೀರನ್ನು ಟಾಯ್ಲೆಟ್ಟಿಗೆ ಹಾಕುತ್ತಿದ್ದೆ ನಾನು. ಇಲ್ಲಿ ಒಂದು ಎಕರೆಗೆ ಒಂದು ದಿನಕ್ಕೆ 95 ಟ್ಯಾಂಕರ್! ಜಗಲಿಯಲ್ಲಿ ಕೂತು ಈ ಲೆಕ್ಕ ಹಾಕಿ ಅಪ್ಪನಿಗೆ ಹೇಳಿದಾಗ ಅವರು ನಕ್ಕರು. ನಾನೂ ನಕ್ಕೆ. ತುಂಬ ದಿನದ ಮೇಲೆ ನಗುತ್ತಿದ್ದೇನೆ ಅಂತ ಗೊತ್ತಾಗಿದ್ದು ಆಮೇಲೆ, ಅಮ್ಮ ಒಳಗಿನಿಂದ ಇಣುಕಿ ನೋಡಿದಾಗ.

ಹಿಂದಿನ ದಿನದವರೆಗೂ ಅದೇ ಮಳೆ "ಥೂ ಈ ದರಿದ್ರ ಮಳೆ" ಆಗಿತ್ತು. ಆ ದಿನ ಅದು 142 ಆಯಿತು. ಕಡಿಮೆಯೇನೂ ಆಗಿರಲಿಲ್ಲ. ಆದರೆ ಅದು ನನ್ನ ತಲೆ ಮೇಲೆ ನನಗಾಗಿಯೇ ಸುರಿಯುತ್ತಿರುವ ಮಳೆ ಅನ್ನಿಸುವುದು ನಿಂತಿತು. ನಾನು ಇದ್ದರೂ ಇಲ್ಲದಿದ್ದರೂ ಸುರಿಯುವಂಥದ್ದು, ನನ್ನ ಕೆಲಸ ಅಳೆಯುವುದು ಅಷ್ಟೇ. ನನ್ನ ಮನಸ್ಸಿಗೆ ಅಂಕ ಹಾಕುವಾಗ ಸಿಗದ ನೆಮ್ಮದಿ ಇದರಲ್ಲಿ ಸಿಕ್ಕಿದ್ದು ಬಹುಶಃ ಇದು ನನ್ನ ಬಗ್ಗೆ ಅಲ್ಲದ ಅಂಕ ಅನ್ನುವ ಕಾರಣಕ್ಕೇ.

ನಮ್ಮ ಕಡೆ ಹಿರಿಯರು ಮಳೆಗಾಲ ಅಂತ ಒಟ್ಟಾಗಿ ಹೇಳುವುದು ಕಡಿಮೆ, ಅದನ್ನು ಗಮನಿಸಿದ್ದೀರಾ? ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ ಅಂತ ಒಂದೊಂದಕ್ಕೂ ಹೆಸರು, ಒಂದೊಂದಕ್ಕೂ ಹದಿಮೂರು ಹದಿನಾಲ್ಕು ದಿನದ ಗಡುವು. ಆರಿದ್ರಾ ಮಳೆ ಆರದೆ ಹುಯ್ಯುತ್ತೆ ಅಂತಾರೆ, ಸರಿ, ಆದರೆ ಜುಲೈ ಮೊದಲ ವಾರಕ್ಕೆ ಅದರ ಸರದಿ ಮುಗಿದು ಪುನರ್ವಸು ಬರುತ್ತದೆ. ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು ಅನ್ನುವ ಗಾದೆ ಆಗಸ್ಟ್ ಕೊನೆಯದ್ದು. ನಾಲ್ಕು ತಿಂಗಳ ಕತ್ತಲೆಯನ್ನು ಒಟ್ಟಿಗೆ ನೋಡಿದರೆ ಯಾರಿಗಾದರೂ ಹೆದರಿಕೆಯೇ. ಹದಿನಾಲ್ಕು ದಿನ ಅಂದರೆ ಹೇಗೋ ಕಳೆಯಬಹುದು. ಇಷ್ಟು ವರ್ಷ ಈ ಹೆಸರುಗಳನ್ನು ಪಂಚಾಂಗದ ಗೊಡವೆ ಅಂತ ತಳ್ಳಿಹಾಕಿದ್ದೆ, ಈಗ ನಾನೇ ಅಮ್ಮನನ್ನು ಕೇಳುವ ಹಾಗಾಯಿತು, "ಪುಷ್ಯ ಹುಟ್ಟೋದು ಯಾವತ್ತು?"

ಇನ್ನೊಂದು ಪದ ಇದೆ, ನನಗೆ ತುಂಬ ಇಷ್ಟ. ಹೊಳವು. ಮಳೆ ನಿಲ್ಲುವುದಕ್ಕೆ ನಿಲ್ಲುವುದು ಅನ್ನುತ್ತೇವೆ. ಆದರೆ ಜಡಿಮಳೆ ನಡುವೆ ಒಂದು ಗಂಟೆಯೋ ಅರ್ಧ ದಿನವೋ ಬಿಡುವು ಕೊಡುತ್ತದಲ್ಲ, ಮೋಡ ಹಾಗೇ ಇರುತ್ತದೆ, ಮತ್ತೆ ಬರುವುದು ಗ್ಯಾರಂಟಿ, ಅದಕ್ಕೆ ಹೊಳವು. ಮಲೆನಾಡಿನ ಬದುಕು ನಡೆಯುವುದೇ ಹೊಳವಿನಲ್ಲಿ. ಸೂರ್ಯ ಬರಲಿ, ಎಲ್ಲ ಒಣಗಲಿ, ಆಮೇಲೆ ಕೆಲಸ ಮಾಡೋಣ ಅಂತ ಕೂತರೆ ದೀಪಾವಳಿ ಬಂದಿರುತ್ತದೆ.

ಅಡಿಕೆಗೆ ಔಷಧಿ ಹೊಡೆಯುವುದನ್ನೇ ನೋಡಿ. ಮಳೆ ಜಾಸ್ತಿಯಾದರೆ ಕೊಳೆ ರೋಗ, ಎಳೆಯ ಕಾಯಿಗಳೆಲ್ಲ ಕೊಳೆತು ಉದುರುತ್ತವೆ. ಅದಕ್ಕೆ ಬೋರ್ಡೋ ದ್ರಾವಣ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಸರಿಯಾಗಿದೆಯೋ ಇಲ್ಲವೋ ನೋಡಲು ಹೊಳೆಯುವ ಕತ್ತಿಯನ್ನು ಅದ್ದುತ್ತಾರೆ, ಕತ್ತಿಯ ಮೇಲೆ ಕೆಂಪು ಬಂದರೆ ಸುಣ್ಣ ಸಾಲದು ಅಂತ ಅರ್ಥ. ಮಳೆಗಾಲ ಹಿಡಿಯುವ ಹೊತ್ತಿಗೆ ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಈ ಎರಡನೆಯದು ಬರುವುದು ಸರಿಯಾಗಿ ಜಡಿಮಳೆಯಲ್ಲೇ. ಗೊನೆಯ ಮೇಲೆ ಔಷಧಿ ಒಣಗುವಷ್ಟು ಹೊಳವು ಸಿಕ್ಕರೂ ಸಾಕು. ನಮ್ಮ ತೋಟಕ್ಕೆ ಬರುವ ಔಷಧಿ ಹೊಡೆಯುವವರು ಬೆಳಿಗ್ಗೆ ಆರಕ್ಕೆ ಬಂದು ಕೊಟ್ಟಿಗೆಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಾ ಆಕಾಶ ನೋಡುತ್ತಿದ್ದರು. ಹನ್ನೊಂದೂವರೆಗೆ ಹೊಳವಾಯಿತು, ಎದ್ದರು. ಎರಡಕ್ಕೆ ಮತ್ತೆ ಮಳೆ. ಅಷ್ಟರಲ್ಲಿ ಎಷ್ಟು ಮರ ಆಯಿತೋ ಅಷ್ಟು. ಉಳಿದದ್ದು ನಾಳೆಯ ಹೊಳವಿಗೆ. ಒಂದು ವಾರ ಹೀಗೇ ನಡೆಯಿತು. ಅವರ ಮುಖದಲ್ಲಿ ನಾನು ನೋಡಿದ್ದು ತಾಳ್ಮೆ ಅಂತ ದೊಡ್ಡ ಹೆಸರು ಕೊಡುವಂಥದ್ದೇನಲ್ಲ, ಅದು ಅವರಿಗೆ ಕೆಲಸದ ರೀತಿ ಅಷ್ಟೇ.

ಈ ಔಷಧಿಯ ಕಥೆಯೂ ಮಜವಾಗಿದೆ. 1880ರ ದಶಕದಲ್ಲಿ ಫ್ರಾನ್ಸಿನ ಬೋರ್ಡೋ ಕಡೆಯ ದ್ರಾಕ್ಷಿ ಬೆಳೆಗಾರರು ದಾರಿಹೋಕರು ಹಣ್ಣು ಕೀಳದಿರಲಿ ಅಂತ ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಬಳಿಯುತ್ತಿದ್ದರು, ನೋಡಿದರೇ ಅಸಹ್ಯ ಆಗಲಿ ಅಂತ. ರೋಗ ಬಂದಾಗ ಆ ಬಳ್ಳಿಗಳು ಮಾತ್ರ ಹಸಿರಾಗಿ ಉಳಿದವು, ಮಿಲಾರ್ಡೆ ಅನ್ನುವ ಸಸ್ಯವಿಜ್ಞಾನಿ ಅದನ್ನು ಗಮನಿಸಿದ. ಆಮೇಲೆ 1910ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ಕೊಳೆ ರೋಗದ ಮೇಲೆ ಕೆಲಸ ಮಾಡಿ, ಇದೇ ದ್ರಾವಣವನ್ನು ಅಡಿಕೆಗೆ ಹೊಂದಿಸಿದರು. ಅದಕ್ಕೂ ಮೊದಲು ಗೊನೆಗೊಂದು ಕೊಟ್ಟೆ ಕಟ್ಟುತ್ತಿದ್ದರು, ಮರಕ್ಕೆ ಛತ್ರಿ ಹಿಡಿದ ಹಾಗೆ. ಕಳ್ಳರ ಕಾಟದಿಂದ ಹುಟ್ಟಿದ ಔಷಧಿ ನಮ್ಮಜ್ಜನ ತೋಟ ಉಳಿಸಿತು ನೋಡಿ. ಇದನ್ನು ಕೇಳಿ "ಕೆಟ್ಟದ್ದರಿಂದಲೂ ಒಳ್ಳೇದಾಗುತ್ತೆ" ಅಂತ ಯಾರಾದರೂ ನುಡಿಮುತ್ತು ಮಾಡಿ ಗ್ರೂಪಿಗೆ ಹಾಕಬಹುದು, ದಯವಿಟ್ಟು ಬೇಡ.

ಯಾಕೆ ಬೇಡ ಅಂದರೆ, ಅದೇ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿಯಿತು. ರಸ್ತೆ ಬದಿಯಲ್ಲಿ ಟೀ ಅಂಗಡಿ ನಡೆಸುತ್ತಿದ್ದ ಕುಟುಂಬ ಹೋಯಿತು, ಲಾರಿ ಸಮೇತ ಡ್ರೈವರ್ ಗಂಗಾವಳಿ ನದಿಯ ಪಾಲಾದರು. ಎರಡು ವಾರ ಕಳೆಯುವ ಹೊತ್ತಿಗೆ ವಯನಾಡಿನಲ್ಲಿ ಊರಿಗೆ ಊರೇ ಕೊಚ್ಚಿಹೋಯಿತು. ಆ ದಿನಗಳಲ್ಲಿ ನಮ್ಮ ಮನೆಯ ಟಿವಿ ಮುಂದೆ ಯಾರೂ ಮಾತಾಡುತ್ತಿರಲಿಲ್ಲ. ಅಪ್ಪ ಎದ್ದು ಹಿತ್ತಲಿನ ಧರೆ ಬಿರುಕು ಬಿಟ್ಟಿದೆಯಾ ಅಂತ ಟಾರ್ಚ್ ಹಿಡಿದು ಕುಂಟುತ್ತಾ ನೋಡಿ ಬಂದರು. ಕಷ್ಟದಲ್ಲಿರುವವರಿಗೆ ಒಳ್ಳೆಯದನ್ನು ನೋಡು ಅಂತ ಹೇಳಲು ಹೊರಗಿನವರಿಗೆ ಯಾವ ಹಕ್ಕೂ ಇಲ್ಲ. ನಾನು ಬರೆಯುತ್ತಿರುವುದು ನನ್ನ ಅಳತೆಯ ಕಷ್ಟದ ಬಗ್ಗೆ ಮಾತ್ರ. ಕೆಲಸ ಹೋದವಳಿಗೆ ಮನೆ ಇತ್ತು, ಊಟ ಇತ್ತು, ಹಪ್ಪಳ ಸುಟ್ಟುಕೊಡುವ ಅಮ್ಮ ಇದ್ದಳು.

ಮತ್ತೆ ಇದೂ ಹೇಳಿಬಿಡುತ್ತೇನೆ. ಬಿಸಿಲು ಕಡಿಮೆಯಾದಾಗ ಮನಸ್ಸು ಕುಗ್ಗುವುದು ಬರೀ ಸೋಮಾರಿಗಳ ನೆಪ ಅಲ್ಲ, ಅದಕ್ಕೆ ವೈದ್ಯಶಾಸ್ತ್ರದಲ್ಲಿ 1984ರಷ್ಟು ಹಿಂದೆಯೇ ಹೆಸರು ಕೊಟ್ಟಿದ್ದಾರೆ. ಎರಡು ವಾರ ಮೀರಿ ನಿದ್ದೆ, ಊಟ ಎಲ್ಲ ಕೆಟ್ಟು, ಯಾವುದೂ ಬೇಡ ಅನ್ನಿಸುತ್ತಿದ್ದರೆ ಮಳೆ ಅಳೆದು ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ನನ್ನ ಗೆಳತಿಯೊಬ್ಬಳು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಮಾತಾಡಿದಳು. ಹಾಗೆ ಫೋನ್ ಮಾಡಿದ್ದನ್ನು ನನಗೆ ಹೇಳಲು ಅವಳಿಗೆ ಒಂದು ವರ್ಷ ಹಿಡಿಯಿತು.

ಹಾಂ, ಮೋಡದ ಬಗ್ಗೆ ಇನ್ನೊಂದು. ನನ್ನ ಹಳೆಯ ರೂಮ್‌ಮೇಟ್ ಚಳ್ಳಕೆರೆಯವಳು. ಅವರ ಕಡೆ ವರ್ಷವಿಡೀ ಬೀಳುವ ಮಳೆ ನಮ್ಮಲ್ಲಿ ನಾಲ್ಕೈದು ದಿನದಲ್ಲಿ ಬಿದ್ದು ಮುಗಿದಿರುತ್ತದೆ. ಒಂದು ಸಂಜೆ ಸಿಗ್ನಲ್ ಸಿಕ್ಕಾಗ ಅವಳಿಗೆ ಫೋನ್ ಮಾಡಿ ಮೋಡ, ಕತ್ತಲೆ, ಬೇಜಾರು ಅಂತ ಗೋಳು ಹೇಳಿಕೊಂಡೆ. ಅವಳು ಸ್ವಲ್ಪ ಹೊತ್ತು ಕೇಳಿ "ಅಲ್ಲ ಕಣೇ, ಮೋಡ ಆಗಿದೆ ಅಂತ ಅಳ್ತಾ ಇದ್ದೀಯಾ?" ಅಂದಳು. ನಿಜವಾಗಿಯೂ ಅವಳಿಗೆ ಅರ್ಥ ಆಗಿರಲಿಲ್ಲ. ಅವರಜ್ಜಿ ಮೋಡ ಕಟ್ಟಿದರೆ ಬಾಗಿಲಿಗೆ ಬಂದು ನಿಂತು ಕೈ ಮುಗಿಯುತ್ತಿದ್ದರಂತೆ. ಮಂಕು ಕವಿದ ದಿನ ಅಂತ ನಾನು ಹೇಳುವ ದಿನ ಅವಳ ಊರಿನಲ್ಲಿ ಶೇಂಗಾ ಬಿತ್ತುವ ದಿನ. ಅವಳ ಮಾತು ಕೇಳಿ ನನ್ನ ಬೇಜಾರು ಹೋಯಿತು ಅಂತಲ್ಲ. ಆದರೆ ಫೋನ್ ಇಟ್ಟ ಮೇಲೆ ಅದೇ ಆಕಾಶವನ್ನು ಅವಳ ಅಜ್ಜಿಯ ಕಣ್ಣಿನಿಂದ ಒಂದು ನಿಮಿಷ ನೋಡಲು ಪ್ರಯತ್ನಪಟ್ಟೆ. ಒಂದು ನಿಮಿಷ ಆಯಿತು. ಆಮೇಲೆ ಸೊಳ್ಳೆ ಕಚ್ಚಿತು.

ಆ ಮಳೆಗಾಲದಲ್ಲಿ ತಿಂದದ್ದನ್ನು ಹೇಳದಿದ್ದರೆ ಅಮ್ಮ ಸಿಟ್ಟಾಗುತ್ತಾಳೆ. ಬೇಸಿಗೆಯಲ್ಲಿ ಮಾಡಿಟ್ಟ ಹಲಸಿನ ಹಪ್ಪಳ, ಬಚ್ಚಲ ಒಲೆಯ ಕೆಂಡದಲ್ಲಿ ಸುಟ್ಟ ಹಲಸಿನ ಬೀಜ, ದಿನಾ ನೀರು ಬದಲಿಸಿ ಮೂರು ದಿನ ನೆನೆಸಿಟ್ಟ ಕಳಲೆಯ ಪಲ್ಯ. ಮತ್ತೆ ಮರಕೆಸುವಿನ ಪತ್ರೊಡೆ. ಮರಕೆಸು ಬೇಸಿಗೆಯಲ್ಲಿ ಎಷ್ಟು ದುಡ್ಡು ಕೊಟ್ಟರೂ ಸಿಗಲ್ಲ, ಮರದ ಮೇಲೆ ಪಾಚಿ ನೆನೆದು ನೆನೆದು ಆಮೇಲೆ ಹುಟ್ಟುವ ಸೊಪ್ಪು ಅದು. ಹೊಳವಾದಾಗ ದೋಟಿ ಹಿಡಿದು ಕೊಯ್ದು ತಂದದ್ದು ನಾನು.

ಅಪ್ಪನ ಹಳೆಯ ಪುಸ್ತಕಗಳನ್ನು ಓದಲು ಶುರು ಮಾಡಿದ್ದು ಪುಷ್ಯದಲ್ಲಿ, ಕರೆಂಟ್ ಐದು ದಿನ ಇಲ್ಲದಾಗ. ಪ್ರತಿ ದಿನಕ್ಕೆ ಒಂದು ಸಾಲು. ತಾರೀಖು, ಮಿಲಿಮೀಟರ್, ಜಾಗ ಉಳಿದರೆ ಒಂದೆರಡು ಮಾತು. "ಗದ್ದೆ ನೆಟ್ಟಿ ಮುಗಿಯಿತು." "ಹೊಳೆ ಸಂಕದ ಮೇಲೆ." "ಕೆಂಪಿ ಕರು ಹಾಕಿತು." ನನ್ನ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ ಹುಡುಕಿದೆ, ಬರೀ "0, ಸೆಖೆ" ಅಂತ ಇತ್ತು. ಅಜ್ಜಿ ತೀರಿಕೊಂಡ ದಿನ ಹುಡುಕಿದೆ. 2007, ಆಗಸ್ಟ್ 9. "71. ಅಮ್ಮ ಹೋದಳು. ಸಂಜೆ ಹೊಳವು." ಅಷ್ಟೇ. ಚಿಮಣಿ ದೀಪದ ಬೆಳಕಲ್ಲಿ ಆ ಸಾಲನ್ನು ಎಷ್ಟು ಸಲ ಓದಿದೆನೋ. ಆ ದಿನ ಬೆಳಿಗ್ಗೆ ಎಂಟೂವರೆಗೆ ಇವರು ಹೊರಗೆ ಹೋಗಿ ಗ್ಲಾಸ್ ಎಣಿಸಿದ್ದಾರೆ. ಮಾರನೇ ದಿನವೂ ಎಣಿಸಿದ್ದಾರೆ, 38.

ಕೊನೆಗೆ ನಾನು ಕೆಲಸ ಕಳೆದುಕೊಂಡು ಬಂದ ದಿನ ತೆಗೆದೆ. ಏನೋ ಇರುತ್ತದೆ ಅಂತ ಒಳಗೊಳಗೇ ಎದೆ ಹೊಡೆದುಕೊಳ್ಳುತ್ತಿತ್ತು. "58. ಗೇಟಿನ ಹತ್ತಿರ ಹಲಸಿನ ಕೊಂಬೆ ಬಿತ್ತು. ಕರೆಂಟಿಲ್ಲ."

"ನಾನು ಬಂದದ್ದು ಬರೀಲೇ ಇಲ್ವಲ್ಲ ಅಪ್ಪ?" ಅಂದೆ.

"ನೀನು ಬರ್ತಾ ಹೋಗ್ತಾ ಇರ್ತೀಯಲ್ಲ, ಅದನ್ನ ಎಂತ ಬರೆಯೋದು" ಅಂದರು ಅಪ್ಪ, ಕನ್ನಡಕ ತೆಗೆಯದೆ.

ಅಕ್ಟೋಬರಿನಲ್ಲಿ ಬೇರೆ ಕೆಲಸ ಸಿಕ್ಕಿತು, ಸಂಬಳ ಸ್ವಲ್ಪ ಕಡಿಮೆ, ಮ್ಯಾನೇಜರ್ ಮೈಕ್ ಆನ್ ಮಾಡಿಯೇ ಮಾತಾಡುತ್ತಾರೆ. ಈಗಿನ ಮನೆಯ ತಾರಸಿಯ ಮೇಲೆ ನಾನೂ ಒಂದು ಡಬ್ಬ ಇಟ್ಟಿದ್ದೇನೆ. ದುಬಾರಿ ಮಾಪಕವೇ ಬೇಕಂತಿಲ್ಲ, ಬದಿಗಳು ನೆಟ್ಟಗಿರುವ ಡಬ್ಬ, ಒಂದು ಸ್ಕೇಲ್ ಇದ್ದರೆ ಸಾಕು, ನೀರಿನ ಎತ್ತರ ಎಷ್ಟು ಮಿಲಿಮೀಟರೋ ಅಷ್ಟೇ ಮಳೆ. ಮನೆ ಓನರ್ ಆಂಟಿ ಅದು ಹಕ್ಕಿಗಳಿಗೆ ಇಟ್ಟ ನೀರು ಅಂದುಕೊಂಡು ಎರಡು ಸಲ ತುಂಬಿಸಿಟ್ಟಿದ್ದರು, ಆ ಎರಡು ದಿನವೂ ಅಪ್ಪನ ಹಾಗೆ ಖಾಲಿ ಬಿಟ್ಟಿದ್ದೇನೆ. ಬೆಳಿಗ್ಗೆ ಎಂಟೂವರೆ ದಾಟಿದ ಮೇಲೆ ಇಬ್ಬರಲ್ಲಿ ಯಾರಾದರೊಬ್ಬರು ಫೋನ್ ಮಾಡುತ್ತೇವೆ. ಮೊನ್ನೆ ರಾತ್ರಿಯಿಡೀ ಗುಡುಗಿ, ಟ್ರಾಫಿಕ್ ಎಲ್ಲ ನಿಂತು, ಆಫೀಸಿನ ಗ್ರೂಪಿನಲ್ಲಿ ಎಲ್ಲರೂ ಮಳೆ ಮಳೆ ಅಂತ ಕೂಗಾಡಿದ ಮೇಲೆ ನಾನು ಬಹಳ ಹುರುಪಿನಿಂದ ಹೋಗಿ ಅಳೆದೆ.

"ಒಂಬತ್ತು" ಅಂದೆ ಅಪ್ಪನಿಗೆ.

"ತೊಂಬತ್ತಾ?"

"ಅಲ್ಲ, ಒಂಬತ್ತು."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇರಲಿ, ಬರ್ಕೋ" ಅಂದರು.